ಕಾಲುವೆ ಕಡೆಯ ಓರೆ ರಸ್ತೆ

ಅಂಬಿಕಾ ಸಿಂಧನೂರಿನಲ್ಲಿ ಸ್ವಂತ ಆಫೀಸು ತೆರೆದದ್ದು ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ. ಒಂದೇ ಕೋಣೆ, ಎರಡು ಮೇಜು, ಒಂದು ಕಂಪ್ಯೂಟರು. ಕೆಳಗಿನಿಂದ ಸದಾ ಔಷಧದ ಘಾಟು ಮೇಲೇರಿ ಬರುತ್ತಿತ್ತು. ಲಿಂಗಸುಗೂರಿನಲ್ಲಿ ಹಿರಿಯ ಎಂಜಿನಿಯರೊಬ್ಬರ ಕೈಕೆಳಗೆ ವರ್ಷಗಟ್ಟಲೆ ಮನೆಗಳ ನಕ್ಷೆ ಬರೆದವಳಿಗೆ ಈ ಘಾಟು ಒಂದು ಲೆಕ್ಕವೇ ಅಲ್ಲ. ಬಾಗಿಲ ಮೇಲೆ ತನ್ನದೇ ಹೆಸರಿನ ಬೋರ್ಡು ಇತ್ತು, ಅಷ್ಟು ಸಾಕಾಗಿತ್ತು.

ಬೋರ್ಡು ನೋಡಲೆಂದೇ ಅವಳ ತಾಯಿ ಜೋಗಮ್ಮ ಪಾಮನಕಲ್ಲೂರಿನಿಂದ ಬಸ್ಸು ಹತ್ತಿ ಬಂದಿದ್ದಳು. ಮಗಳಿಗೆ ಊರು ಹೊಸದೆಂದು ಯಾರೋ ಅಂದಾಗ ಆಕೆ ನಕ್ಕುಬಿಟ್ಟಳು. "ನನಗೇನು ಹೊಸದಲ್ಲ ಬಿಡವಾ ಸಿಂಧನೂರು. ನಮ್ಮ ಕಡಿ ಮಳಿ ಕೈ ಕೊಟ್ಟಾಗೆಲ್ಲ ಗುಂಪು ಕಟಗೊಂಡು ನೆಲ್ಲು ಹಚ್ಚಾಕ ಇಲ್ಲೇ ಬರತಿದ್ವಿ. ಈ ಕಾಲುವಿ ಕಡಿ ನಾ ಇಳೀದ ಗದ್ದಿ ಇಲ್ಲ."

ಆಫೀಸಿಗೆ ಬಂದ ಮೊದಲ ದೊಡ್ಡ ಕೆಲಸ ಶಿವಕಾಂತನದು. ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದ, ನಲವತ್ತರ ಆಸುಪಾಸಿನ, ಮಾತಿನಲ್ಲಿ ಚುರುಕಾದ ಮನುಷ್ಯ. ಊರ ಹೊರಗೆ ಗೊರೇಬಾಳದ ಕಡೆಗೆ, ಕಾಲುವೆಗೆ ಹತ್ತಿ ಅವರ ಮನೆತನದ ಹೊಲ. ತಂದೆ ತೀರಿಕೊಂಡ ಮೇಲೆ ಗದ್ದೆ ಮಾಡುವವರಿಲ್ಲದೆ, ಮನೆ ಕಟ್ಟಲು ಸರಕಾರದ ಪರವಾನಗಿ ಪಡೆದು, ಸೈಟು ಮಾಡಲು ಹೊರಟಿದ್ದ.

"ಮೇಡಂ, ಒಂದೇ ಮಾತು," ಎಂದ ಅವನು, ಕುರ್ಚಿ ಎಳೆದುಕೊಂಡು. "ನಮ್ಮ ಬಾಜೂಕ ಮಕ್ತುಮ್‌ಸಾಬ್‌ರ ಲೇಔಟ್ ಐತಲ್ರಿ, ನೋಡೀರೇನು? ಹಂಗ ಮಾತ್ರ ಆಗಬಾರದ್ರಿ."

ಅಂಬಿಕಾಗೆ ನಗು ಬಂತು. ಮಕ್ತುಮ್‌ಸಾಬ್‌ರ ಲೇಔಟ್ ನೋಡಿ ಆ ಊರಿನಲ್ಲಿ ನಗದವರೇ ಇರಲಿಲ್ಲ. ಅಲ್ಲಿನ ರಸ್ತೆಗಳು ಹೊರಡುವಾಗ ನೆಟ್ಟಗೆ ಹೊರಟು ನಡುವೆ ಎಲ್ಲೋ ಮನಸ್ಸು ಬದಲಾಯಿಸಿದಂತೆ ಓರೆಯಾಗಿ ಹೋಗುತ್ತಿದ್ದವು. ಒಂದು ರಸ್ತೆ ಹೋಗಿ ಹೋಗಿ ಶಿವಕಾಂತನ ಹೊಲದ ಅಂಚಿಗೆ ಮಕ್ತುಮ್‌ಸಾಬ್‌ರೇ ಕಟ್ಟಿಸಿದ ಗೋಡೆಗೆ ಮುಖ ಕೊಟ್ಟು ನಿಂತುಬಿಟ್ಟಿತ್ತು. ಹೊಸ ಆಟೋದವರು ಒಳಗೆ ಹೊಕ್ಕರೆ ಹೊರಗೆ ಬರುವ ಹೊತ್ತಿಗೆ ಎರಡು ಕಡೆ ದಾರಿ ಕೇಳಿರುತ್ತಿದ್ದರು. ಮಕ್ತುಮ್‌ಸಾಬ್ ಎಂಜಿನಿಯರನ್ನು ಕರೆಸದೆ, ಗದ್ದೆಯ ಬದು ಎಲ್ಲಿತ್ತೋ ಅದರ ಮೇಲೆಯೇ ಗರಸು ಮಣ್ಣು ಸುರಿದು ರಸ್ತೆ ಮಾಡಿಸಿದ್ದಾರೆಂದು ಜನ ಹೇಳುತ್ತಿದ್ದರು.

ಅಂಬಿಕಾ ಬಿಡುವಿದ್ದಾಗ ಫೋನಿನಲ್ಲಿ ಊರಿನ ಚಿತ್ರವನ್ನು ಆಕಾಶದಿಂದ ನೋಡುತ್ತ ಕೂರುವುದಿತ್ತು. ಹಳೆ ಊರು ಒತ್ತಾಗಿ ಹೆಣೆದ ಚಾಪೆಯಂತಿತ್ತು. ಅಂಚಿಗೆ ಬಂದರೆ ಒಂದು ಕಡೆ ರಸ್ತೆಗಳು ಬಾಚಣಿಗೆಯ ಹಲ್ಲು, ಇನ್ನೊಂದು ಕಡೆ ಮೀನಿನ ಮುಳ್ಳು, ಮತ್ತೊಂದು ಕಡೆ ಹರಿದ ಬಲೆ. ಒಬ್ಬರ ಲೇಔಟಿನ ರಸ್ತೆ ಮುಗಿಯುವಲ್ಲಿ ಇನ್ನೊಬ್ಬರ ಗೋಡೆ. ಒಬ್ಬೊಬ್ಬ ರೈತ ತನ್ನ ನಾಲ್ಕು ಬದುವಿನೊಳಗೆ ತನಗೆ ತೋಚಿದ ಹಾಗೆ ರಸ್ತೆ ಹಾಕಿಕೊಂಡರೆ ಹೀಗಲ್ಲದೆ ಇನ್ನು ಹೇಗಾದೀತು ಎಂದುಕೊಳ್ಳುತ್ತಿದ್ದಳು. ತನ್ನ ಕೈಗೆ ಒಂದು ಹೊಲ ಸಿಕ್ಕರೆ ನೆಟ್ಟಗೆ ಮಾಡಿ ತೋರಿಸಬೇಕೆಂಬ ಆಸೆಯೂ ಇತ್ತು. ಈಗ ಸಿಕ್ಕಿತ್ತು.

ಅಳತೆ ಯಂತ್ರ ಹೊತ್ತುಕೊಂಡು ಹೋಗಿ ಹೊಲದ ಮೂಲೆಮೂಲೆ ಅಳೆದಳು. ಎಲ್ಲೆಲ್ಲಿ ನೆಲ ಎಷ್ಟು ಎತ್ತರ ಎಂಬುದನ್ನೂ ಗುರುತು ಹಾಕಿಕೊಂಡಳು. ವಾರದೊಳಗೆ ನಕ್ಷೆ ತಯಾರಾಯಿತು. ಚೌಕಾಬಾರದ ಮನೆಗಳಂತೆ ಎಲ್ಲವೂ ಮೂಲೆಮಟ್ಟಕ್ಕೆ ಸರಿಯಾಗಿ, ರಸ್ತೆಗೆ ರಸ್ತೆ ಎದುರಾಗಿ. ಶಿವಕಾಂತ ಅದನ್ನು ಮನೆಗೆ ಒಯ್ದು ಪಡಸಾಲೆಯ ಗೋಡೆಗೆ ಅಂಟಿಸಿದ. ಸರಕಾರಿ ಆಫೀಸಿನ ಮಂಜೂರಾತಿಗೆ ಕೊಡುವ ಮೊದಲೇ ಉತ್ಸಾಹ ತಡೆಯದೆ ಹೊಲದಲ್ಲಿ ಸುಣ್ಣದ ಗೆರೆ ಹಾಕಿಸಿ, ಸೈಟಿನ ಕಲ್ಲು ನೆಡಿಸಿ, ಒಂದೆರಡು ರಸ್ತೆಗೆ ಗರಸನ್ನೂ ಹೊಡೆಸಿದ.

ಅವನ ತಾಯಿ ಶೇಖರಮ್ಮ ಮಾತ್ರ ನಕ್ಷೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಕನ್ನಡಕ ಸರಿಮಾಡಿಕೊಂಡು, ಮನೆಗೆ ಬಂದಿದ್ದ ಅಂಬಿಕಾಳನ್ನು ಕೇಳಿದರು. "ತಂಗಿ, ತೂಬಿನಿಂದ ಬಸ್‌ಸ್ಟಾಪಿಗೆ ಹೋಗೋ ದಾರಿ ಇದರಾಗ ಯಾವುದವಾ?"

"ಇಲ್ಲಿಂದ ಹೀಂಗ ಬಂದು, ಇಲ್ಲಿ ತಿರುಗಿ, ಮತ್ತ ಇಲ್ಲಿ ತಿರುಗಿ ಹೋಗಬೇಕ್ರಿ ಅಮ್ಮಾ."

"ಹಂಗೇನು," ಎಂದು ಅವರು ಒಳಗೆ ಹೋದರು. ಅಂಬಿಕಾಗೆ ಆ ಪ್ರಶ್ನೆ ಅಂದು ಅಷ್ಟಾಗಿ ನಾಟಲಿಲ್ಲ.

ತೂಬು ಎಂದರೆ ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ಬಾಗಿಲು. ಅದರ ಪಕ್ಕದಲ್ಲೇ ಕಾಲುವೆ ದಾಟಲು ಸಣ್ಣ ಸೇತುವೆ. ಅದು ಹೊಲದ ಒಂದು ಮೂಲೆಗಿತ್ತು. ಬಸ್‌ಸ್ಟಾಪು ಅದಕ್ಕೆ ಸರಿಯಾಗಿ ಎದುರು ಮೂಲೆಗೆ. ಕಾಲುವೆಯಾಚೆಯ ಮನೆಗಳವರು, ಮಕ್ತುಮ್‌ಸಾಬ್‌ರ ಲೇಔಟಿನ ಹಿಂದಿನ ಸಾಲಿನವರು, ಎಲ್ಲರೂ ಹೊಲದ ನಡುವೆ ಓರೆಯಾಗಿ ನಡೆದೇ ಬಸ್ಸಿಗೆ ಹೋಗುತ್ತಿದ್ದರು. ಕಲ್ಲು ನೆಟ್ಟ ಮೇಲೂ ಹೋದರು. ಹಾಲಿನ ಕ್ಯಾನಿನ ಸೈಕಲ್ಲು ತಾಗಿ ಒಂದು ಕಲ್ಲು ವಾಲಿತು. ಹುಲ್ಲಿನ ಹೊರೆಯವಳು ಕಾಲಿಗೆ ತೊಡಕೆಂದು ಇನ್ನೊಂದನ್ನು ಬದಿಗೆ ಸರಿಸಿದಳು. ಸುಣ್ಣದ ಗೆರೆಯಂತೂ ಅಷ್ಟಗಲ ಅಳಿಸಿಯೇಹೋಯಿತು. ಶಿವಕಾಂತ ಸಿಟ್ಟಿಗೆದ್ದು ಸುತ್ತಲೂ ತಂತಿಬೇಲಿ ಹಾಕಿಸಿದ.

ಬೇಲಿ ಬಿದ್ದ ಮಾರನೆಯ ಬೆಳಿಗ್ಗೆ ಅಂಬಿಕಾ ಜರುಗಿದ ಕಲ್ಲುಗಳನ್ನು ಮತ್ತೆ ಅಳತೆಗೆ ಕೂರಿಸಲು ಹೋಗಿದ್ದಳು. ಕೆಲಸದವರು ಇನ್ನೂ ಬಂದಿರಲಿಲ್ಲ. ಜಾಲಿ ಗಿಡದ ನೆರಳಿನಲ್ಲಿ ಕಲ್ಲಿನ ರಾಶಿಯ ಮೇಲೆ ಕೂತು ಕಾದಳು. ಕೂತಲ್ಲಿಂದಲೇ ಎಲ್ಲ ಕಾಣುತ್ತಿತ್ತು. ಸೇತುವೆ ಇಳಿದು ಬಂದವರು ದಿನದ ರೂಢಿಯಂತೆ ನೆಲ ನೋಡುತ್ತ, ಏನೋ ಯೋಚಿಸುತ್ತ ನಡೆದು ಬರುವರು. ತಂತಿಯ ಮುಂದೆ ತಟ್ಟನೆ ನಿಲ್ಲುವರು. ಯಾರೋ ಗದರಿಸಿದಂತೆ ಆಚೀಚೆ ನೋಡಿ ತಿರುಗಿ ಹೋಗುವರು. ಶಾಲೆಗೆ ಹೊರಟ ಇಬ್ಬರು ಹುಡುಗಿಯರು ಮಾತ್ರ ಚೀಲ ಆಚೆ ಎಸೆದು, ಲಂಗ ಒತ್ತಿ ಹಿಡಿದುಕೊಂಡು ತಂತಿಯಡಿ ನುಸುಳಿ ಓಡಿದರು.

ಕೊನೆಗೆ ತಪ್ಪಲು ಪಲ್ಲೆಯ ಸೊಪ್ಪಿನ ಬುಟ್ಟಿ ತಲೆಯ ಮೇಲೆ ಹೊತ್ತ ವಯಸ್ಸಾದ ಹೆಂಗಸೊಬ್ಬಳು ಬಂದು ನಿಂತಳು. ಬುಟ್ಟಿ ಹೊತ್ತು ಬಗ್ಗುವಂತಿಲ್ಲ, ಇಳಿಸಿದರೆ ಮತ್ತೆ ಎತ್ತಿಕೊಡುವವರಿಲ್ಲ. ಅಂಬಿಕಾ ಎದ್ದುಹೋಗಿ ಬುಟ್ಟಿಯನ್ನು ತಾನು ಇಸಿದುಕೊಂಡು ತಂತಿ ಎತ್ತಿ ಹಿಡಿದಳು.

"ಯಾರು ಹಾಕ್ಯಾರವಾ ಇದನ್ನ?"

"ಹೊಲದವರು ಹಾಕ್ಯಾರ್ರಿ. ಸೈಟ್ ಮಾಡಾಕತ್ತಾರ."

"ಶೇಖರಮ್ಮನ ಹೊಲ ಇದು. ಆಕಿ ಹಂಗ ಮಾಡಾಕಿ ಅಲ್ಲಲ್ಲ," ಎಂದಳು ಹೆಂಗಸು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ. ಅವಳ ಹೆಸರು ಜುಬೇದಾಬೀ. ಶೇಖರಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಗದ್ದೆಗೆ ಬುತ್ತಿ ತರುವಾಗ ಇಬ್ಬರೂ ಇದೇ ಬದುವಿನ ಮೇಲೆ ಎದುರುಬದುರಾಗುತ್ತಿದ್ದರಂತೆ. ಅಗಲ ಕಡಿಮೆ, ಎರಡೂ ಕಡೆ ನೀರು. ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಕೆಸರಿಗೆ ಇಳಿಯಬೇಕು. "ದಿನಾ ನಾನಽ ಇಳೀಬೇಕೇನು ಅಂತ ಒಮ್ಮೆ ಜಗಳಾ ತಗದ್ಯಾ. ಮರುದಿನದಿಂದ ಆಕಿನೂ ಇಳಿಯಾಕ ಚಾಲೂ ಮಾಡಿದ್ಲು. ಆಮ್ಯಾಲೆ ನಾವಿಬ್ಬರೂ ದೋಸ್ತ," ಎಂದು ನಕ್ಕು ಬುಟ್ಟಿ ಏರಿಸಿಕೊಂಡು ಹೊರಟಳು. ಅವಳು ನಡೆದು ಹೋದ ಗೆರೆಯನ್ನು ಅಂಬಿಕಾ ಕಣ್ಣಿನಲ್ಲೇ ಅಳೆದಳು. ಮಕ್ತುಮ್‌ಸಾಬ್‌ರ ಓರೆ ರಸ್ತೆಗಳು ಹೋಗುವ ದಿಕ್ಕೂ ಅದೇ. ಎರಡೂ ಹೊಲ ಒಂದೇ ಕಡೆಗೆ ಓರೆಯಾಗಲು ಏನೋ ಕಾರಣ ಇರಲೇಬೇಕು.

ಮಧ್ಯಾಹ್ನ ಆಫೀಸಿಗೆ ಬಂದವಳು ಊಟದ ಡಬ್ಬಿ ತೆರೆಯದೆ ಕಂಪ್ಯೂಟರಿನ ಮುಂದೆ ಕೂತಳು. ನೆಲದ ಎತ್ತರಗಳ ಗುರುತುಗಳು ತನ್ನ ಬಳಿಯೇ ಇದ್ದವು. ಸೈಟು ಕೂರಿಸುವ ಆತುರದಲ್ಲಿ ಅವನ್ನು ಒಂದಕ್ಕೊಂದು ಕೂಡಿಸಿ ನೋಡಿರಲಿಲ್ಲ. ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಕೂಡಿಸುತ್ತ ಹೋದಂತೆ ನೆಲದ ಇಳಿಜಾರು ಪರದೆಯ ಮೇಲೆ ಮೂಡಿತು. ಕಣ್ಣಿಗೆ ಚಪ್ಪಟೆ ಕಾಣುವ ಆ ಹೊಲ ನಿಜಕ್ಕೂ ತೂಬಿನ ಮೂಲೆಯಿಂದ ಬಸ್‌ಸ್ಟಾಪಿನ ಮೂಲೆಗೆ ಮೆಲ್ಲಗೆ ಇಳಿಯುತ್ತಿತ್ತು. ಹಿಂದಿನವರು ನೀರನ್ನು ಆ ಇಳಿಜಾರಿಗೇ ಹರಿಯಬಿಟ್ಟಿದ್ದರು. ನೀರಿನ ಪಕ್ಕದಲ್ಲಿ ಬದು ಎದ್ದಿತ್ತು, ಬದುವಿನ ಮೇಲೆ ಜನ ನಡೆದಿದ್ದರು. ಮಕ್ತುಮ್‌ಸಾಬ್ ಆ ಬದುಗಳ ಮೇಲೆಯೇ ರಸ್ತೆ ಹಾಕಿದ್ದರು. ಅವಳದು ಮಾತ್ರ ಆ ಇಳಿಜಾರಿಗೆ ಅಡ್ಡಡ್ಡ ಎಳೆದ ಗೆರೆಗಳು.

ಹೀಗೆಂದು ಶಿವಕಾಂತನಿಗೆ ಹೇಗೆ ಹೇಳುವುದೆಂದು ಅವಳು ತಿಣುಕುತ್ತಿರುವಾಗಲೇ ಆ ವಾರದ ಕೊನೆಗೆ ದೊಡ್ಡ ಮಳೆ ಹೊಡೆಯಿತು. ಮರುದಿನ ಫೋನು ಬಂತು. "ಮೇಡಂ, ಜಲ್ದಿ ಬರ್ರಿ ಹೊಲಕ್ಕ."

ಹೊಸದಾಗಿ ಗರಸು ಹೊಡೆದ ಎರಡೂ ರಸ್ತೆಗಳನ್ನು ನೀರು ಸೀಳಿಕೊಂಡು ಹೋಗಿತ್ತು. ಸೀಳಿದ ಜಾಗ ಒಂದೇ ನೇರಕ್ಕೆ, ತೂಬಿನ ಕಡೆಯಿಂದ ಬಸ್‌ಸ್ಟಾಪಿನ ಕಡೆಗೆ ಓರೆಯಾಗಿ. ನಡುವಿನ ಸೈಟುಗಳಲ್ಲಿ ಮೊಣಕಾಲುದ್ದ ನೀರು ನಿಂತು ಕೊಕ್ಕರೆಗಳು ಆಗಲೇ ಬಂದು ಇಳಿದಿದ್ದವು. ಬಾಜೂಕೆ ಮಕ್ತುಮ್‌ಸಾಬ್‌ರ ಲೇಔಟಿನಲ್ಲಿ ರಸ್ತೆ ತೊಳೆದಿಟ್ಟಂತೆ ಒಣಗುತ್ತಿತ್ತು.

"ಗರಸು ಹೊಡದಾವ ಮೋಸ ಮಾಡ್ಯಾನ್ರಿ," ಎಂದ ಶಿವಕಾಂತ.

"ಇಲ್ಲರೀ. ನೀರು ತನ್ನ ಹಳೇ ದಾರಿ ಹಿಡದೈತಿ, ಅಷ್ಟಽ. ನಾ ಹಾಕಿದ ಗೆರಿ ಅದಕ್ಕ ಅಡ್ಡ ಬಂದಾವ. ನಕ್ಷೆ ಬದಲು ಮಾಡಬೇಕ್ರಿ. ಇಲ್ಲಿಂದ ಅಲ್ಲೀತನ ಓರೆಯಾಗಿ ಒಂದು ದೊಡ್ಡ ರಸ್ತೆ, ಅದರ ಬಾಜೂಕ ಗಟಾರು."

ಶಿವಕಾಂತ ಅವಳ ಮುಖವನ್ನೇ ನೋಡಿದ. "ಓರೆ ರಸ್ತಿ ಹಾಕಿದ್ರ ಎರಡೂ ಕಡಿ ಸೈಟು ತ್ರಿಕೋನ ಆಗ್ತಾವಲ್ರಿ! ಮೂರು ಮೂಲಿ ಸೈಟು ಯಾರು ತಗೋತಾರ? ಮಕ್ತುಮ್‌ಸಾಬ್‌ರದ್ದು ಬ್ಯಾಡ ಅಂತನಽ ನಿಮ್ಮ ಹತ್ರ ಬಂದೀನಿ."

ಮಾತು ಅಲ್ಲಿಗೇ ಕಡಿಯುವಂತಿತ್ತು. ಅಷ್ಟರಲ್ಲಿ ಶೇಖರಮ್ಮ ಸೀರೆ ಮೇಲೆತ್ತಿ ಹಿಡಿದು ಕೆಸರಿನಲ್ಲಿ ಬಂದು ನಿಂತರು. ಮಗನನ್ನು ಅವರು ಗದರಲಿಲ್ಲ. "ಶಿವಾ, ಜುಬೇದಾ ಈಗ ಸುತ್ತು ಹಾಕ್ಕೊಂಡು ಲಾರಿ ರಸ್ತಿ ಮ್ಯಾಲೆ ಬರಾಕತ್ತಾಳ. ನಿನ್ನೆ ಒಂದು ಲಾರಿ ಹಾರನ್ ಹೊಡದದ್ದಕ್ಕ ಬುಟ್ಟಿ ಸಮೇತ ಬಿದ್ದಾಳ. ಮಣಕಾಲು ಕೆತ್ತೈತಿ. ನನಗ ಬಾಳ ಕೆಟ್ಟ ಅನಿಸಿತಪಾ," ಎಂದರು. ಶಿವಕಾಂತ ಚಪ್ಪಲಿಗೆ ಅಂಟಿದ ಕೆಸರನ್ನು ಕಲ್ಲಿಗೆ ಉಜ್ಜುತ್ತ ನಿಂತ.

"ನನಗ ಸ್ವಲ್ಪ ಟೈಮ್ ಕೊಡ್ರಿ," ಎಂದಳು ಅಂಬಿಕಾ.

ಆ ದಿನಗಳಲ್ಲಿ ಅವಳಿಗೆ ಬೇರೆ ಯಾವ ಕೆಲಸವೂ ರುಚಿಸಲಿಲ್ಲ. ಓರೆ ರಸ್ತೆಯನ್ನು ಎಳೆಯುವಳು, ಎರಡು ಬದಿಗೂ ಹುಟ್ಟುವ ಮೂರು ಮೂಲೆಯ ತುಂಡುಗಳನ್ನು ನೋಡುವಳು, ಅಳಿಸುವಳು. ಒಂದು ಸಂಜೆ ಚಹಾ ಕುಡಿಯುತ್ತ ಹಳೆಯ ನಕ್ಷೆಯ ಒಂದು ಮೂಲೆಯನ್ನು ಸುಮ್ಮನೆ ನೋಡುತ್ತಿದ್ದಳು. ಅಲ್ಲಿ ಹಸಿರು ಬಣ್ಣದ ಒಂದು ದೊಡ್ಡ ಚೌಕ. ಪಾರ್ಕಿಗೆಂದು, ಸಮುದಾಯದ ಉಪಯೋಗಕ್ಕೆಂದು ನಿಯಮದ ಪ್ರಕಾರ ಬಿಟ್ಟ ಜಾಗ. ಹೇಗೂ ಬಿಡಲೇಬೇಕು, ಮಾರುವ ಹಾಗಿಲ್ಲ. ಅದು ಒಂದೇ ಕಡೆ, ಚೌಕವಾಗಿಯೇ ಇರಬೇಕೆಂದು ಯಾರು ಹೇಳಿದರು? ಚಹಾ ಅಲ್ಲಿಗೇ ಬಿಟ್ಟು ಚೌಕವನ್ನು ಒಡೆದು ಹಸಿರನ್ನು ತ್ರಿಕೋನಗಳಿಗೆ ಹಂಚತೊಡಗಿದಳು. ರಸ್ತೆಯುದ್ದಕ್ಕೂ ಒಂದೊಂದು ಸಣ್ಣ ಹಸಿರು ತುಂಡು ಕೂತಿತು. ಅವುಗಳ ಹಿಂದೆ ಸೈಟುಗಳು ಮತ್ತೆ ನಾಲ್ಕು ಮೂಲೆಗೆ ಬಂದವು. ಕೊನೆಗೆ ಒಂದೇ ಒಂದು ಸೈಟು ಸೊಟ್ಟಗೆ ಉಳಿಯಿತು. ಅದನ್ನು ಏನು ಮಾಡಿದರೂ ನೆಟ್ಟಗಾಗಲಿಲ್ಲ.

ಇನ್ನೊಂದು ಸಂಗತಿಯೂ ಹೊಳೆಯಿತು. ಮಕ್ತುಮ್‌ಸಾಬ್‌ರ ಲೇಔಟಿನಲ್ಲಿ ಗೋಡೆಗೆ ಮುಖ ಕೊಟ್ಟು ನಿಂತ ಆ ರಸ್ತೆಯ ಬಾಯಿಗೆ ಇಲ್ಲಿಂದ ಒಂದು ಸಣ್ಣ ಕವಲು ಕೊಟ್ಟರೆ ಸಾಕು, ಎರಡೂ ಲೇಔಟ್ ಕೂಡುತ್ತಿದ್ದವು.

ಶಿವಕಾಂತ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಬೆರಳಿಟ್ಟು ಸೈಟುಗಳನ್ನು ಎಣಿಸಿದ, ಮತ್ತೊಮ್ಮೆ ಎಣಿಸಿದ. "ಸೈಟೇನು ಅಷ್ಟು ಕಡಿಮಿ ಆಗಿಲ್ಲಲ್ರಿ!" ಎಂದ, ತನಗೇ ನಂಬಿಕೆ ಬಾರದವನಂತೆ. "ಆಚೀ ಮಂದಿ ಎಲ್ಲಾ ಈ ರಸ್ತಿ ಮ್ಯಾಲೆ ಅಡ್ಡಾಡಿದ್ರ ಮುಂದಿನ ಸಾಲಿನಾಗ ಅಂಗಡಿ ಸಹಿತ ನಡೀತಾವ. ಆದ್ರ ಮಕ್ತುಮ್‌ಸಾಬ್‌ರು ಗೋಡಿ ಒಡಸ್ತಾರಂತೀರೇನು?"

ಇಬ್ಬರೂ ಕೂಡಿಯೇ ಹೋದರು. ಮಕ್ತುಮ್‌ಸಾಬ್ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಮಂಚ ಹಾಕಿಕೊಂಡು ಕೂತಿದ್ದರು. ಬಿಳಿ ಗಡ್ಡ, ತುಂಬು ನಗೆ. ನಕ್ಷೆಯನ್ನು ಮಂಚದ ಮೇಲೆ ಹರವಿಕೊಂಡು ತಮ್ಮ ಹೊಲ ಎಲ್ಲಿದೆ ಎಂದು ಕೇಳಿ ತಿಳಿದು, ಓರೆ ರಸ್ತೆಯ ಮೇಲೆ ಬೆರಳಾಡಿಸಿದರು.

"ನನ್ನ ಲೇಔಟ್ ನೋಡಿ ಊರೆಲ್ಲ ನಕ್ಕೈತಿ, ಬೇಟಿ. ನಿಮ್ಮ ಶಿವಕಾಂತನೂ ನಕ್ಕಾನ."

ಶಿವಕಾಂತ ತಲೆ ತಗ್ಗಿಸಿ ನಕ್ಕ. "ನಕ್ಕೀನಿ ಬಿಡ್ರಿ ಚಾಚಾ."

"ನನಗ ಎಂಜಿನಿಯರು ಅಂದ್ರ ಏನು ಗೊತ್ತು? ಬದು ಗಟ್ಟಿ ಇರತೈತಿ, ಅದರ ಮ್ಯಾಲೆ ರಸ್ತಿ ಹಾಕಿದ್ರ ಕುಸಿಯಂಗಿಲ್ಲ ಅಂತ ಹಾಕೀನಿ. ಜಮೀನ್ ಹೆಂಗ ಇತ್ತೋ ರಸ್ತಿನೂ ಹಂಗ ಆತು. ಈಗ ನಿಮ್ಮ ರಸ್ತಿ ನನ್ನ ರಸ್ತಿಗೆ ಬಂದು ಕೂಡತೈತಿ ಅಂದ್ರ, ಗೋಡಿ ನಾನಽ ನಿಂತು ಒಡಸ್ತೀನಿ." ಒಳಗೆ ತಿರುಗಿ ಚಹಾಕ್ಕೆ ಹೇಳಿದರು.

ಮಂಜೂರಾತಿಗೆ ಓಡಾಟವಾಯಿತು. ಇಂಥ ಚೂರುಚೂರು ಪಾರ್ಕು ಏಕೆಂದು ಆಫೀಸಿನವರು ಕೇಳಿದರು. ಅಂಬಿಕಾ ಮಳೆಯ ಮರುದಿನ ತೆಗೆದ ಫೋಟೊ ತೋರಿಸಿ, ಇಳಿಜಾರು ವಿವರಿಸಿ, ತುಂಡುಗಳ ಅಳತೆಯನ್ನು ಅವರು ಹೇಳಿದಂತೆ ಒಂದೆರಡು ಕಡೆ ಹಿಗ್ಗಿಸಿ ಕೊಟ್ಟಳು. ದೀಪಾವಳಿ ಕಳೆದ ಮೇಲೆ ಒಪ್ಪಿಗೆ ಬಂತು. ಶಿವಕಾಂತ ಬೇಲಿ ಕಿತ್ತು ಓರೆ ರಸ್ತೆ ಹಾಕಿಸಿದ.

ಗೋಡೆ ಒಡೆದ ದಿನ ಶಿವಕಾಂತ ತೆಂಗಿನಕಾಯಿ, ಪೇಢೆ ತರಿಸಿ ಒಂದು ಸಣ್ಣ ಸಮಾರಂಭವನ್ನೇ ಇಟ್ಟುಕೊಂಡಿದ್ದ. ಕಾಯಿ ಒಡೆಯಲು ಎಲ್ಲರೂ ಮಕ್ತುಮ್‌ಸಾಬ್‌ರ ದಾರಿ ಕಾಯುತ್ತಿರುವಾಗ ಜುಬೇದಾಬೀ ಬುಟ್ಟಿ ಹೊತ್ತು ಸೇತುವೆ ಇಳಿದು, ಗುಂಪನ್ನು ಸೀಳಿಕೊಂಡು, "ಸರೀರಿ, ಬಸ್ ಹೋಗತೈತಿ," ಎಂದು ರಸ್ತೆಯ ಮೇಲೆ ನಡೆದುಬಿಟ್ಟಳು. ಶೇಖರಮ್ಮ ಬಿದ್ದುಬಿದ್ದು ನಕ್ಕರು. ಅಂಬಿಕಾಗಂತೂ ಆ ನಡಿಗೆ ನೋಡಿಯೇ ಹೊಟ್ಟೆ ತುಂಬಿತು.

ಸೈಟುಗಳು ಒಂದೊಂದಾಗಿ ಹೋದವು. ಆ ಸೊಟ್ಟ ಸೈಟು ಮಾತ್ರ ಉಳಿಯಿತು. ರಸ್ತೆಯ ಕಡೆ ಅಗಲ, ಹಿಂದಕ್ಕೆ ಹೋದಂತೆ ಸಪೂರ. ವ್ಯಾಘ್ರಮುಖ ಎಂದು ವಾಸ್ತು ನೋಡುವವರೆಲ್ಲ ಮುಖ ತಿರುಗಿಸಿದರು. ಬಂದವರಿಗೆ ಹೇಳಿ ಹೇಳಿ ಶಿವಕಾಂತನಿಗೆ ಸಾಕಾಗಿತ್ತು.

ಹೊಸ ರಸ್ತೆ ನೋಡಲು ಜೋಗಮ್ಮ ಬಂದಳು. ತಾಯಿಗೆ ಹಳೆಯದೆಲ್ಲ ನೆನಪಾದೀತೆಂದು ಅಂಬಿಕಾಗೆ ಆಸೆಯಿತ್ತು. ತೂಬಿನ ಹತ್ತಿರ ನಿಲ್ಲಿಸಿ, "ಯವ್ವಾ, ಈ ಗದ್ದಿಗೆ ಇಳದೀಯೇನಬೇ ನೀ?" ಎಂದು ಕೇಳಿದಳು.

ಜೋಗಮ್ಮ ಸುತ್ತ ನೋಡಿದಳು. "ಯಾರಿಗೆ ಗೊತ್ತವಾ. ಆವಾಗ ಎಲ್ಲಾ ಕಡಿ ನೀರಽ ನೀರು. ಬಗ್ಗಿಸಿದ ತಲಿ ಎತ್ತತಿದ್ದಿಲ್ಲ. ನೋಡಿದ್ದು ನನ್ನ ಕೈ ಅಷ್ಟಽ." ಅದರ ಬಗ್ಗೆ ಅವಳಿಗೆ ಹೆಚ್ಚೇನೂ ಅನಿಸಿದಂತೆ ಕಾಣಲಿಲ್ಲ. ಓರೆ ರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತ, ಹಸಿರು ತುಂಡುಗಳಲ್ಲಿ ನೆಟ್ಟ ಹೊಂಗೆ ಸಸಿಗಳನ್ನು ಮುಟ್ಟಿ ನೋಡುತ್ತ ಬಂದವಳು ಆ ಖಾಲಿ ಸೈಟಿನ ಮುಂದೆ ನಿಂತಳು. "ಇದ್ಯಾಕ ಹಂಗ ಬಿಟ್ಟಾರ?"

ಅಂಬಿಕಾ ಹೇಳಿದಳು.

"ಹುಲಿ ಮುಖ ಆದ್ರ ಆಗಲಿ. ನಮಗ ಅವೆಲ್ಲ ಎಲ್ಲಿ ಬಂತವಾ, ಮನ್ಯಾಗ ಬುದ್ಧನ ಪಟ ಇಟಗೊಂಡೀವಿ," ಎಂದಳು ಜೋಗಮ್ಮ. "ಮುಂದ ಅಗಲ ಐತಿ, ಕುಂದ್ರಾಕ ಕಟ್ಟಿ ಚಲೋ ಆಗತೈತಿ. ಬಸ್ಸೂ ಸನೇದಾಗ. ನೀನಽ ಯಾಕ ತಗೋಬಾರದು?"

ಅದು ಅಂಬಿಕಾಗೆ ಹೊಳೆದೇ ಇರಲಿಲ್ಲ. ಸಂಜೆ ಶಿವಕಾಂತನಿಗೆ ಹೇಳಿದಾಗ ಅವನು ನಂಬಲಿಲ್ಲ. ನಂಬಿದ ಮೇಲೆ, ನಕ್ಷೆಗೆ ಕೊಡಬೇಕಾದ ಫೀಸನ್ನೂ ಬೆಲೆಯಲ್ಲೇ ಮುರಿದುಕೊಂಡು, ಅವಳಿಗೆ ಹೊರೆಯಾಗದಂತೆ ಕೊಟ್ಟ. ಶೇಖರಮ್ಮ ಖುಷಿಯಾಗಿ, "ನಮ್ಮ ಹೊಲದಾಗ ನೀವೂ ಬಂದ್ರಿ, ಚಲೋ ಆತು. ಜುಬೇದಾಗ ಚಹಾ ಕುಡಿಯಾಕ ಇನ್ನೊಂದು ಮನಿ ಸಿಕ್ತು," ಎಂದರು.

ಈಗ ಅಲ್ಲಿ ತಳಪಾಯ ಮೇಲೆದ್ದಿದೆ. ಹಿಂದಿನ ಕೋಣೆಯ ಒಂದು ಗೋಡೆ ಓರೆಯಾಗಿಯೇ ಬರುತ್ತದೆ. ಗೌಂಡಿ ವೆಂಕೋಬ ಮೂಲೆಮಟ್ಟ ಹಿಡಿದು, "ಮೇಡಂ, ಇದು ಹೀಂಗಽ ಇರಬೇಕೇನ್ರಿ?" ಎಂದು ಎರಡು ಸಲ ಕೇಳಿದ್ದಾನೆ. ಅಂಬಿಕಾ ಎರಡು ಸಲವೂ ಹೌದೆಂದಿದ್ದಾಳೆ. ಜೋಗಮ್ಮ ಆ ಓರೆ ಮೂಲೆಯಲ್ಲಿ ನಿಂತು, ಇಲ್ಲಿ ಒಲೆ, ಇಲ್ಲಿ ನೀರಿನ ಕೊಡ, ಇಲ್ಲಿ ಕಿಟಕಿ ಎಂದು ಕೈಯಲ್ಲೇ ಜಾಗ ತೋರಿಸುತ್ತಾಳೆ. ಕಿಟಕಿ ಸ್ವಲ್ಪ ದೊಡ್ಡದಿರಲಿ ಎಂದು ವೆಂಕೋಬನಿಗೆ ಹೇಳಿ, ಪಾಮನಕಲ್ಲೂರಿನ ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡು ರಸ್ತೆಗೆ ಇಳಿಯುತ್ತಾಳೆ.